ಫೈಲಿನ ಹೆಸರನ್ನು ಕೊನೆಯವರೆಗೆ ಓದಲು ಮಕ್ಕಳಿಗೆ ಕಲಿಸೋಣ

ರಸ್ತೆ ದಾಟುವ ರೀತಿಯನ್ನು ಹೇಳಿಕೊಡದೆ ಮಗುವನ್ನು ಒಂಟಿಯಾಗಿ ಶಾಲೆಗೆ ಕಳುಹಿಸುವ ತಾಯಿತಂದೆಗಳು ಈ ಮುಂಬಯಿಯಲ್ಲಿ ಇರಲಾರರು. ಅದೇ ಮಗುವಿನ ಕೈಗೆ ಮೊಬೈಲನ್ನು ಕೊಡುವಾಗ ನಾವು ಅಷ್ಟೇ ಎಚ್ಚರ ವಹಿಸುತ್ತಿದ್ದೇವೆಯೆ?

ಅಂತರ್ಜಾಲದಿಂದ ಫೈಲುಗಳನ್ನು ಇಳಿಸಿಕೊಳ್ಳುವುದು ಇಂದಿನ ವಿದ್ಯಾರ್ಥಿಗೆ ವಿಲಾಸವಲ್ಲ, ಅವಶ್ಯಕತೆ. ಪುಣೆಯ ಬಾಲಭಾರತಿ ಸಂಸ್ಥೆಯು ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ತನ್ನ ಜಾಲತಾಣದಲ್ಲಿ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಒದಗಿಸಿದೆ. ಹೊರನಾಡಿನಲ್ಲಿ ಕನ್ನಡ ಕಲಿಯುವ ಮಕ್ಕಳಿಗೆ ಇದು ದೊಡ್ಡ ಉಪಕಾರವೇ ಸರಿ.

ಅಪಾಯವಿರುವುದು ದಾರಿಯಲ್ಲಿ. ಮಗು ಪುಸ್ತಕದ ಹೆಸರು ಬರೆದು ಹುಡುಕುತ್ತದೆ. ಯಾವುದೋ ಅಪರಿಚಿತ ತಾಣ ತೆರೆದುಕೊಳ್ಳುತ್ತದೆ. ಅಲ್ಲಿ 'ಡೌನ್‌ಲೋಡ್' ಎಂಬ ಗುಂಡಿಗಳು ನಾಲ್ಕಾರು. ಅವುಗಳಲ್ಲಿ ಹಲವು ಬರಿಯ ಜಾಹೀರಾತುಗಳು. ತಪ್ಪು ಗುಂಡಿಯನ್ನೊತ್ತಿದಾಗ ಬಂದಿಳಿದ ಫೈಲಿನ ಹೆಸರು 'ಎಪಿಕೆ' ಎಂದು ಮುಗಿದಿದ್ದರೆ, ಅದು ಓದುವ ಪುಸ್ತಕವಲ್ಲ, ಮೊಬೈಲಿನೊಳಗೆ ನೆಲೆಸಿ ಕೆಲಸ ಮಾಡತಕ್ಕ ಆ್ಯಪ್. ವಂಚಕರು ರಚಿಸಿದ ಅಂತಹ ಆ್ಯಪ್‌ಗೆ ಅದು ಕೇಳಿದ ಅನುಮತಿಯನ್ನೆಲ್ಲ ಕೊಟ್ಟರೆ, ಬ್ಯಾಂಕಿನಿಂದ ಬರುವ ಓಟಿಪಿಯನ್ನೂ ಅದು ಓದಬಲ್ಲುದು. ಒಂದೇ ಮೊಬೈಲಿರುವ ಸಂಸಾರದಲ್ಲಿ ಮಗುವಿನ ಪಾಠವೂ ತಂದೆಯ ಸಂಬಳವೂ ಅದರೊಳಗೇ ಇರುತ್ತವೆಂಬುದನ್ನು ಮರೆಯಲಾಗದು.

ಈ ವೇಷ ಹೊಸದಲ್ಲ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ 'ಐ ಲವ್ ಯೂ' ವೈರಸ್ ಪ್ರೇಮಪತ್ರವೆಂಬ ಸೋಗಿನಲ್ಲಿ ಬಂದು, ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳಿಗೆ ತಗುಲಿತು. ಫೈಲಿನ ಹೆಸರಿನಲ್ಲಿ 'ಟಿಎಕ್ಸ್‌ಟಿ' ಎಂಬ ನಿರುಪದ್ರವಿ ಅಕ್ಷರಗಳು ಕಾಣುತ್ತಿದ್ದುವು. ಅವುಗಳ ಮುಂದಿದ್ದ 'ವಿಬಿಎಸ್' ಎಂಬ ನಿಜವಾದ ಗುರುತು ಅನೇಕರ ಪರದೆಯ ಮೇಲೆ ಮರೆಯಾಗಿತ್ತು. ಕಚೇರಿಗಳಲ್ಲಿ ಕುಳಿತ ಹಿರಿಯರೇ ಮೋಸಹೋದ ಮೇಲೆ ಮಕ್ಕಳ ಮಾತೇನು?

ಆದುದರಿಂದ ಮಕ್ಕಳಿಗೆ ಮೂರು ಪಾಠಗಳು ಅಗತ್ಯ. ಪುಸ್ತಕವನ್ನು ಪ್ರಕಟಿಸಿದವರ ತಾಣದಿಂದಲೂ, ಆ್ಯಪನ್ನು ಮೊಬೈಲಿನ ಅಧಿಕೃತ ಸ್ಟೋರ್‌ನಿಂದಲೂ ಮಾತ್ರ ಪಡೆಯತಕ್ಕದ್ದು. ಫೈಲಿನ ಹೆಸರನ್ನು ಕೊನೆಯ ಅಕ್ಷರದವರೆಗೆ ಓದತಕ್ಕದ್ದು. 'ಇದು ಅಪರಿಚಿತ ಮೂಲ, ಅನುಮತಿ ಕೊಡುವಿರಾ?' ಎಂದು ಮೊಬೈಲೇ ಕೇಳಿದಾಗ, ಅಲ್ಲಿಗೇ ನಿಂತು ಮನೆಯವರನ್ನು ಕರೆಯತಕ್ಕದ್ದು.

ನಾಲ್ಕನೆಯ ಪಾಠ ನಮಗೆ, ಹಿರಿಯರಿಗೆ. ಬೈಗುಳಕ್ಕೆ ಹೆದರಿದ ಮಗು ತಪ್ಪನ್ನು ಮುಚ್ಚಿಡುತ್ತದೆ. ಮುಚ್ಚಿಟ್ಟ ಒಂದೊಂದು ಗಳಿಗೆಯೂ ಕಳ್ಳನಿಗೆ ಲಾಭ. 'ಅಪ್ಪಾ, ಏನೋ ತಪ್ಪು ಒತ್ತಿಬಿಟ್ಟೆ' ಎಂದು ಮಗು ಓಡಿಬಂದರೆ ಮೊದಲು ಅದರ ಬೆನ್ನು ತಟ್ಟಬೇಕು. ಆಮೇಲೆ ಮೊಬೈಲಿನ ಅಂತರ್ಜಾಲ ಸಂಪರ್ಕವನ್ನು ಕಡಿದು, ಬೇರೊಂದು ಫೋನಿನಿಂದ ಬ್ಯಾಂಕಿಗೆ ತಿಳಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ದೂರು ಕೊಡಬೇಕು.

ಇಂದು ಸಂಜೆಯೇ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದರ ಒಂದು ಪಠ್ಯಪುಸ್ತಕವನ್ನು ಇಬ್ಬರೂ ಕೂಡಿ ಇಳಿಸಿ ನೋಡಬೇಕೆಂದು ವಾಚಕರಲ್ಲಿ ನಮ್ಮ ವಿನಂತಿ. ಗುಂಡಿಯನ್ನು ಮಗುವೇ ಒತ್ತಲಿ. ಒತ್ತುವ ಮೊದಲು ಹೆಸರನ್ನು ಗಟ್ಟಿಯಾಗಿ ಓದಿ ಹೇಳಲಿ.