ಚಿಪ್‌ಗಳ ಉತಾರ

ಇಂಡಿ ತಾಲ್ಲೂಕಿನ ಸಾಲೋಟಗಿಯ ಸ್ತಂಭಶಾಸನವು ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಬಿಟ್ಟ ಭೂಮಿಯನ್ನು ಅದರಲ್ಲಿ ನಿವರ್ತನಗಳ ಲೆಕ್ಕದಲ್ಲಿ ಹೇಳಿದೆ. ಒಂದು ನಿವರ್ತನವೆಂದರೆ ಎಷ್ಟು? ಬರೆಸಿದವನಿಗೆ ಅದು ತಿಳಿದಿದ್ದಿತು. ಆದರೆ ಆ ಅಳತೆಯು ದೇಶಕಾಲಗಳಿಗೆ ತಕ್ಕಂತೆ ಬದಲಾಗುತ್ತಿದ್ದುದರಿಂದ ಇಂದು ಓದುವವನು ಊಹೆಗೆ ಇಳಿಯಬೇಕಾಗಿದೆ. ಅನಂತರದ ಕನ್ನಡ ಶಾಸನಗಳಲ್ಲಿ ಇಂಥ ಗಳೆಯಿಂದ ಅಳೆದ ಇಷ್ಟು ಮತ್ತರು ಎಂದು ಅಳತೆಯ ಕೋಲನ್ನೇ ಹೆಸರಿಸಿರುವುದುಂಟು. ಅದು ಜಾಣರ ಕೆಲಸ. ಪ್ರಸ್ತುತ ಲೇಖನದ ವಿಷಯವು ಗಣಕಯಂತ್ರಕ್ಕೆ ಸೇರಿದುದಾದರೂ ಅಲ್ಲಿಯ ತೊಡಕು ಇದೇ ಆಗಿದೆ: ವಸ್ತುವನ್ನು ಕಣ್ಣಾರೆ ಕಾಣದೆ ಬರಹದಿಂದಲೇ ತಿಳಿಯಬೇಕಾದವನಿಗೆ ಏನನ್ನು, ಯಾವ ಶಬ್ದಗಳಲ್ಲಿ ಬರೆದುಕೊಡಬೇಕು?

ಇಲ್ಲಿ ಕಾಣದವನೆಂದರೆ ಕರ್ನಲ್. ಗಣಕದ ಕಾರ್ಯನಿರ್ವಹಣಾ ವ್ಯವಸ್ಥೆಯ ತಿರುಳಾದ ಈ ತಂತ್ರಾಂಶವು ಪ್ರೊಸೆಸರು, ಸ್ಮೃತಿ, ಪರದೆ ಮೊದಲಾದವುಗಳನ್ನೆಲ್ಲ ಆಳುತ್ತದೆ. ಮೇಜಿನ ಮೇಲಿನ ಸಾಮಾನ್ಯ ಗಣಕದಲ್ಲಿ ಪಿಸಿಐ ಎಂಬ ಸಂಪರ್ಕಮಾರ್ಗವಿದೆ. ಕರ್ನಲ್ ಅದರ ಒಂದೊಂದು ಸ್ಥಾನವನ್ನೂ ವಿಚಾರಿಸಿದರೆ ಅಲ್ಲಿರುವ ಉಪಕರಣವು ತನ್ನ ತಯಾರಕರ ಸಂಖ್ಯೆಯನ್ನೂ ತನ್ನ ಸಂಖ್ಯೆಯನ್ನೂ ತಾನೇ ಹೇಳುತ್ತದೆ. ಮೊಬೈಲ್ ಮುಂತಾದವುಗಳ ಚಿಪ್‌ನೊಳಗೆ ಅಡಗಿರುವ ಉಪಕರಣಗಳಲ್ಲಿ ಬಹುತೇಕವು ಹೀಗೆ ಉತ್ತರ ಕೊಡುವುದಿಲ್ಲ. ಅವು ಗೊತ್ತಾದ ವಿಳಾಸಗಳಲ್ಲಿ ಮೌನವಾಗಿ ಕುಳಿತಿರುತ್ತವೆ. ಎಲ್ಲಿ ಏನಿದೆಯೆಂದು ತಡಕಾಡಲು ಹೋಗಿ ಏನೂ ಇಲ್ಲದ ವಿಳಾಸವನ್ನು ಮುಟ್ಟಿದರೆ ಯಂತ್ರವೇ ಸ್ತಬ್ಧವಾಗಬಹುದು.

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ರೂಪಿಸಿ 2001ರಲ್ಲಿ ಲೋಕಕ್ಕೆ ತೋರಿಸಿದ ಸಿಂಪ್ಯೂಟರ್ ಎಂಬ ಅಂಗೈ ಗಣಕವು ಈ ಜಾತಿಯದು. ಅದರ ಪ್ರೊಸೆಸರು ಸ್ಟ್ರಾಂಗ್‌ಆರ್ಮ್, ಕರ್ನಲ್ ಲಿನಕ್ಸ್. ಕರ್ನಾಟಕದ ಭೂದಾಖಲೆಗಳ ಕಾರ್ಯದಲ್ಲಿಯೂ ಅದನ್ನು ಬಳಸಿದ್ದುಂಟು. ಆರ್ಮ್ ಯಂತ್ರಗಳಿಗೆ ಆಗ ಇದ್ದ ಪದ್ಧತಿಯೆಂದರೆ, ಪ್ರತಿಯೊಂದು ಯಂತ್ರಕ್ಕೂ ಒಂದು ನೋಂದಣಿ ಸಂಖ್ಯೆ. ಅದರ ವರ್ಣನೆಯೆಲ್ಲ ಕರ್ನಲ್‌ನ ಒಳಗೇ ಸಿ ಭಾಷೆಯ ಒಂದು ಕಡತ. ಯಂತ್ರ ಹೊಸದಾದರೆ ಕಡತವೂ ಹೊಸದು. ಮೊಬೈಲುಗಳು ಹೆಚ್ಚಿದಂತೆ ಈ ಕಡತಗಳು ಮಿತಿಮೀರಿದುವು. 2011ರ ಮಾರ್ಚಿನಲ್ಲಿ ಲಿನಕ್ಸ್‌ನ ಜನಕ ಲೈನಸ್ ಟೋರ್ವಾಲ್ಡ್ಸ್ ಇದನ್ನು ಕಟುವಾಗಿ ಆಕ್ಷೇಪಿಸಿದನು.

ಪರಿಹಾರವು ಮೊದಲೇ ಸಿದ್ಧವಾಗಿದ್ದಿತು. ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಹುಟ್ಟಿದ ಓಪನ್ ಫರ್ಮ್‌ವೇರ್ 1994ರಲ್ಲಿಯೇ ಅಂಗೀಕೃತ ಮಾನಕವಾಗಿದ್ದು, ಯಂತ್ರದ ಅಂಗಗಳನ್ನು ವೃಕ್ಷಾಕಾರವಾಗಿ ಹೇಳುವ ಕ್ರಮ ಅದರಲ್ಲಿತ್ತು. 2005ರ ವೇಳೆಗೆ ಪವರ್‌ಪಿಸಿ ಯಂತ್ರಗಳಿಗಾಗಿ ಆ ವೃಕ್ಷವನ್ನು ಒಂದು ಸಣ್ಣ ದತ್ತಖಂಡವಾಗಿ ಅಡಕಗೊಳಿಸಲಾಯಿತು. 2011ರ ತರುವಾಯ ಆರ್ಮ್ ಯಂತ್ರಗಳೂ ಈ 'ಡಿವೈಸ್ ಟ್ರೀ'ಯ ಕಡೆಗೆ ತಿರುಗಿದುವು.

ನಮ್ಮ ಭಾಗದ ವಾಚಕರಿಗೆ ಇದನ್ನು ಚಿಪ್‌ನ ಉತಾರವೆಂದರೆ ಬೇಗ ತಿಳಿದೀತು. ಉತಾರದಲ್ಲಿ ಸರ್ವೆ ನಂಬರು, ಹಿಸ್ಸಾ, ಕ್ಷೇತ್ರ ಇವಿರುವಂತೆ, ಇಲ್ಲಿ ಒಂದೊಂದು ಉಪಕರಣಕ್ಕೂ ಒಂದು ಗಂಟು, ಅದರ ವಿಳಾಸ, ಆ ವಿಳಾಸದಿಂದ ಅದು ಆವರಿಸುವ ಉದ್ದ, ಅದು ಕರ್ನಲ್‌ನ ಗಮನ ಸೆಳೆಯುವ ಸಂಕೇತದ ಸಂಖ್ಯೆ ಇವಿರುತ್ತವೆ. 'ಕಂಪ್ಯಾಟಿಬಲ್' ಎಂಬ ಪಂಕ್ತಿಯಲ್ಲಿ ಮೊದಲು ಉಪಕರಣದ ನಿಖರವಾದ ಹೆಸರನ್ನೂ ಆಮೇಲೆ ಅದು ಹೋಲುವ ಹಳೆಯ ಉಪಕರಣದ ಹೆಸರನ್ನೂ ಬರೆಯುತ್ತಾರೆ. ಮೊದಲನೆಯದನ್ನು ಅರಿಯದ ಕರ್ನಲ್ ಎರಡನೆಯದನ್ನು ಹಿಡಿದು ಕೆಲಸ ಸಾಗಿಸುತ್ತದೆ. ಯಂತ್ರವನ್ನು ಎಬ್ಬಿಸುವ ಬೂಟ್‌ಲೋಡರು ಈ ಪತ್ರವನ್ನು ಸ್ಮೃತಿಯಲ್ಲಿಟ್ಟು ಅದರ ವಿಳಾಸವನ್ನು ಕರ್ನಲ್‌ನ ಕೈಗೆ ಕೊಡುತ್ತದೆ. ಸಂದೇಶ ತೋರಿಸುವ ಪೋರ್ಟಿನ ವಿಳಾಸದಲ್ಲಿ ಒಂದೇ ಅಂಕೆ ತಪ್ಪಿದರೂ ಯಂತ್ರ ಮೂಕವಾಗುತ್ತದೆ. ತಪ್ಪೆಲ್ಲಿದೆಯೆಂದು ಹೇಳುವುದಕ್ಕೂ ಅದಕ್ಕೆ ಬಾಯಿರುವುದಿಲ್ಲ.

ವರ್ಣನೆಯು ಯಂತ್ರದ ಸ್ವರೂಪವನ್ನು ಹೇಳಬೇಕೇ ಹೊರತು ಒಂದು ಕರ್ನಲ್‌ನ ಅನುಕೂಲವನ್ನಲ್ಲ ಎಂಬುದು ಇಲ್ಲಿಯ ಕಟ್ಟುನಿಟ್ಟಿನ ನಿಯಮ. 2017ರ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಬೇರೆಯಾದುವು. ಕಚೇರಿ ಬದಲಾಯಿತು, ಹೊಲ ಇದ್ದಲ್ಲಿಯೇ ಇದ್ದಿತು. ಹಾಗೆಯೇ ಲಿನಕ್ಸ್‌ಗೆಂದು ಬರೆದ ವರ್ಣನೆಯನ್ನು ಫ್ರೀಬಿಎಸ್‌ಡಿಯೂ ಓದಲು ಸಾಧ್ಯವಾಗಬೇಕು.

ಈ ನಿಯಮವನ್ನು ಪಾಲಿಸಿದರೂ ಶಬ್ದವೇ ಕೈಕೊಡುವುದುಂಟು. 2010ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆರಂಭವಾದ ರಿಸ್ಕ್-ಫೈವ್ ಎಂಬ ಮುಕ್ತ ಪ್ರೊಸೆಸರ್ ಪದ್ಧತಿಯನ್ನು ಮದರಾಸಿನ ಐಐಟಿಯ 'ಶಕ್ತಿ', ತಿರುವನಂತಪುರದ ಸಿ-ಡ್ಯಾಕ್‌ನ 'ವೇಗ' ಪ್ರೊಸೆಸರುಗಳು ಅನುಸರಿಸಿವೆ. ಈ ಪದ್ಧತಿಯಲ್ಲಿ ತಯಾರಕನು ತನಗೆ ಬೇಕಾದ ಆದೇಶಗುಂಪುಗಳನ್ನು ಆರಿಸಿಕೊಳ್ಳಬಹುದು. ಆದುದರಿಂದ ಯಾವ ಗುಂಪುಗಳಿವೆಯೆಂಬುದನ್ನು ಕರ್ನಲ್‌ಗೆ ತಿಳಿಸಲೇಬೇಕು. ಇಲ್ಲದುದನ್ನು ಇದೆಯೆಂದು ಬರೆದರೆ ಅರಿಯದ ಆದೇಶಕ್ಕೆ ಸಿಕ್ಕಿ ಪ್ರೊಸೆಸರು ನಿಲ್ಲುತ್ತದೆ. ಇರುವುದನ್ನು ಬರೆಯದಿದ್ದರೆ ಅದು ವ್ಯರ್ಥವಾಗುತ್ತದೆ. ಮೊದಲು ಇದನ್ನೆಲ್ಲ 'ಆರ್‌ವಿ64ಐಎಂಎಎಫ್‌ಡಿಸಿ' ಎಂಬಂತೆ ಒಂದೇ ಅಕ್ಷರಮಾಲೆಯಲ್ಲಿ ಬರೆಯುತ್ತಿದ್ದರು. ಅದರಲ್ಲಿ 'ಐ' ಎಂದರೆ ಪೂರ್ಣಾಂಕದ ಮೂಲ ಆದೇಶಗಳು, 'ಎಂ' ಎಂದರೆ ಗುಣಾಕಾರ-ಭಾಗಾಕಾರ. ಆದರೆ 2019ರ ಗ್ರಂಥಪಾಠದಲ್ಲಿ 'ಐ'ಗೆ ಸೇರಿದ್ದ ಕೆಲವು ಆದೇಶಗಳನ್ನು ತೆಗೆದು ಬೇರೆ ಹೆಸರುಗಳಲ್ಲಿ ಇರಿಸಿದರು. ಅಂದಿನಿಂದ ವರ್ಣನೆಯಲ್ಲಿಯ 'ಐ' ಹಳೆಯದೋ ಹೊಸದೋ ಎಂಬುದು ಅಕ್ಷರವನ್ನು ನೋಡಿ ತಿಳಿಯದಾಯಿತು. ನಿವರ್ತನದ ಕಥೆಯೇ ಇಲ್ಲಿ ಮರುಕಳಿಸಿತೆನ್ನಬಹುದು. ಅರ್ಥ ಮಸಕಾಗಲು ಅಲ್ಲಿ ಶತಮಾನಗಳು ಹಿಡಿದಿದ್ದರೆ ಇಲ್ಲಿ ಒಂದು ದಶಕ ಸಾಕಾಯಿತು.

2023ರಲ್ಲಿ ಲಿನಕ್ಸ್‌ನವರು ಬೇರೊಂದು ಕ್ರಮವನ್ನು ತಂದರು. ಅದರಂತೆ ಮೂಲ ಆದೇಶಗುಂಪನ್ನು ಒಂದು ಪಂಕ್ತಿಯಲ್ಲಿಯೂ ಉಳಿದ ಗುಂಪುಗಳನ್ನು ಬಿಡಿಬಿಡಿಯಾಗಿ ಇನ್ನೊಂದರಲ್ಲಿಯೂ ಬರೆಯತಕ್ಕದ್ದು. ಒಂದೊಂದು ಹೆಸರಿಗೂ ಅದು ಯಾವ ಪಾಠವನ್ನು ಸೂಚಿಸುತ್ತದೆಂಬ ವಿವರಣೆ ಕರ್ನಲ್‌ನ ದಾಖಲೆಯಲ್ಲಿ ಇರತಕ್ಕದ್ದು. ಮತ್ತರಿನೊಡನೆ ಗಳೆಯನ್ನೂ ಹೇಳಿದಂತಾಯಿತು. ಹಳೆಯ ಅಕ್ಷರಮಾಲೆಯನ್ನು ಮಾತ್ರ ಅವರು ತಳ್ಳಿಹಾಕಲಿಲ್ಲ. ಹೊಸ ಪಂಕ್ತಿಗಳಿಲ್ಲದ ಯಂತ್ರಗಳಿಗಾಗಿ ಅದನ್ನು ಓದುವ ಏರ್ಪಾಡನ್ನು ಉಳಿಸಿಕೊಂಡರು; ಎಷ್ಟೋ ವರ್ಣನೆಗಳಲ್ಲಿ ಈಗ ಎರಡೂ ಒಟ್ಟಿಗೆ ಕಾಣಸಿಗುತ್ತವೆ.