ಪರದೆ ಪಾಠಕ್ಕೂ ಪರೀಕ್ಷೆ ಬೇಡ್ವೆ?

2020ರಲ್ಲಿ ಕೊರೋನಾ ಬಂದು ಕಾಲೇಜುಗಳಿಗೆ ಬೀಗ ಬಿತ್ತು. ಸಿಕ್ಕಿದ್ದೇ ಸೀರುಂಡೆ ಅಂತ ಜೂಮ್, ಗೂಗಲ್ ಮೀಟ್‌ಗಳಲ್ಲಿ ಪಾಠ ಶುರುವಾಯ್ತು. ಏಪ್ರಿಲ್‌ನಲ್ಲೇ ಕೇಂದ್ರ ಗೃಹ ಸಚಿವಾಲಯ, ಜೂಮ್ ಸುರಕ್ಷಿತವಲ್ಲವೆಂದು ಎಚ್ಚರಿಸಿತು. ಆಮೇಲೆ ಕಂಪನಿ ಭದ್ರತೆ ಬಿಗಿ ಮಾಡಿತು. ಆದರೆ ಅದರ ಪುಕ್ಕಟೆ ಸೇವೆ 40 ನಿಮಿಷಕ್ಕೇ ಬಂದ್. ಪೀರಿಯಡ್ಡೋ ಒಂದು ಗಂಟೆ! ಮಲೆನಾಡಿನ ವಿದ್ಯಾರ್ಥಿಗಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದರು.

ಇಂಥ ಸೇವೆ ಆರಿಸುವಾಗ ಪ್ರಿನ್ಸಿಪಾಲರ ಕೋಣೆಯ ವೈಫೈನಲ್ಲಿ ನೋಡಿ ‘ಭೇಷ್’ ಅಂದರೆ ಸಾಲದು. ಹಳ್ಳಿ ಹುಡುಗಿಯ ಅಗ್ಗದ ಮೊಬೈಲಿನಲ್ಲಿ ಮೇಷ್ಟ್ರ ಮಾತು ಕೇಳುತ್ತದೆಯೇ? ಡೇಟಾ ಎಷ್ಟು ನುಂಗುತ್ತದೆ? ಕರೆಂಟು ಹೋದವರಿಗೆ ಪಾಠ ರೆಕಾರ್ಡಿನಲ್ಲಿ ಸಿಗುತ್ತದೆಯೇ? ಹೊರಗಿನವರು ನುಗ್ಗದಂತೆ ಪಾಸ್‌ವರ್ಡ್ ಇದೆಯೇ? ಒಂದು ವಾರ ನಡೆಸಿ ನೋಡಿ, ವಿದ್ಯಾರ್ಥಿಗಳಿಂದಲೇ ಅಂಕ ಹಾಕಿಸಲಿ. ಗುಡ್ಡದ ಮೇಲೆ ಪಾಸಾದದ್ದೇ ಪಾಸು!