ಹಳೆಯ ಕಾರಿನ ನಿಜವಾದ ಬೆಲೆ

ನಮ್ಮ ಮನೆಯ ಕಾರು ಕೊಂಡದ್ದು 2014ರಲ್ಲಿ. ಇತ್ತೀಚೆಗೆ ಅದನ್ನು ಮಾರುವ ಪ್ರಸಂಗ ಬಂತು. ಹೊಸ ಕಾರಿನ ಷೋರೂಮಿನವರು ವಿನಿಮಯಕ್ಕೆ 1.60 ಲಕ್ಷ ರೂಪಾಯಿ ಎಂದರು. ಜಾಹೀರಾತು ನೋಡಿ ಬಂದ ಅಪರಿಚಿತರೊಬ್ಬರು ಎರಡು ಲಕ್ಷಕ್ಕೆ ಒಪ್ಪಿದರು. ನಲವತ್ತು ಸಾವಿರದ ಅಂತರ ಪಿಂಚಣಿದಾರನಿಗೆ ಸಣ್ಣದಲ್ಲ. ‘ಇದರಲ್ಲಿ ಯೋಚಿಸುವುದೇನಿದೆ ಅಪ್ಪಾ?’ ಎಂದಳು ಮಗಳು.

ಯೋಚಿಸುವುದಿದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ವಸ್ತುವೇ ಹಳೆಯ ಕಾರುಗಳ ಪೇಟೆ. ಕಾರಿನ ಗುಣದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಅವನು ಸರಾಸರಿ ಬೆಲೆಗಿಂತ ಹೆಚ್ಚು ಕೊಡಲಾರ. ಒಳ್ಳೆಯ ಕಾರಿನ ಒಡೆಯ ಆ ಬೆಲೆಗೆ ಮಾರಲೊಲ್ಲ. ಕಡೆಗೆ ಪೇಟೆಯಲ್ಲಿ ಉಳಿಯುವುದು ಕಳಪೆ ಸರಕು. 2001ರಲ್ಲಿ ಅವರಿಗೆ ಸಹಭಾಗಿಯಾಗಿ ನೊಬೆಲ್ ತಂದುಕೊಟ್ಟ ವಿಚಾರಸರಣಿಯಿದು. ಷೋರೂಮಿನವರು ಬೆಲೆ ಇಳಿಸುವುದು ಕೇವಲ ಲಾಭಕ್ಕಲ್ಲ, ಈ ಅಪಾಯಕ್ಕೂ ಹೌದು.

ಆದರೆ ಮಾರುವವನಿಗೂ ತಿಳಿಯದ ಒಂದು ಸಂಗತಿಯಿದೆ: ಕಾರು ಮುಂದೆ ಯಾರ ಕೈ ಸೇರುತ್ತದೆ ಎಂಬುದು. 2011ರಲ್ಲಿ ನನ್ನ ಹಿಂದಿನ ಕಾರನ್ನು ದಲ್ಲಾಳಿಯೊಬ್ಬನಿಗೆ ಮಾರಿದೆ. ನೋಂದಣಿ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ, ಕೊಳ್ಳುವವನ ಹೆಸರಿನ ಜಾಗ ಖಾಲಿಯಿದ್ದಂತೆಯೇ, ಸಹಿ ಹಾಕಿಕೊಟ್ಟೆ. ಓದದೆ ಒಂದು ಕಡತಕ್ಕೂ ಸಹಿ ಹಾಕದ ಅಧಿಕಾರಿ ಮಾಡಿದ ಕೆಲಸವಿದು! ಎರಡು ವರ್ಷದ ಬಳಿಕ ಅಪಘಾತ ಪರಿಹಾರ ನ್ಯಾಯಮಂಡಳಿಯಿಂದ ನೋಟೀಸು ಬಂತು. ಕಾರು ಯಾರದೋ ಕೈಯಲ್ಲಿತ್ತು, ವಿಮೆ ಮುಗಿದಿತ್ತು, ದಾಖಲೆಯಲ್ಲಿ ಮಾತ್ರ ನನ್ನ ಹೆಸರೇ ಇತ್ತು. ಪರಿಹಾರದ ಹಣ ನನ್ನ ಭವಿಷ್ಯನಿಧಿಯಿಂದ ಹೋಯಿತು. ಕಾಲು ಕಳೆದುಕೊಂಡ ಆ ಕೂಲಿಕಾರನಿಗೆ ಅದು ಸಲ್ಲಬೇಕಾದದ್ದೇ, ನನ್ನ ತಕರಾರಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನೋಂದಣಿಯಲ್ಲಿ ಹೆಸರಿದ್ದವನೇ ಮಾಲೀಕನೆಂದೂ, ಮಾರಿದ ಮೇಲೂ ಹೊಣೆ ಅವನದೇ ಎಂದೂ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ರಾಜ್ಯದೊಳಗಿನ ಮಾರಾಟವನ್ನು 14 ದಿನಗಳಲ್ಲಿ ಸಾರಿಗೆ ಕಚೇರಿಗೆ ವರದಿ ಮಾಡುವುದು ಮಾರುವವನ ಕರ್ತವ್ಯ. ಹಳೆಯ ವಾಹನಗಳ ವ್ಯಾಪಾರಿಗಳು ಅಧಿಕೃತ ಪರವಾನಗಿ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಷೋರೂಮಿಗೆ ಕೊಡುವವರೂ ಆ ಪರವಾನಗಿಯನ್ನು ಕೇಳಿ ನೋಡಬೇಕು. ಸಂಸ್ಥೆಯ ಹೆಸರು ದೊಡ್ಡದೆಂಬುದೇ ರಕ್ಷೆಯಲ್ಲ.

ಇನ್ನೆರಡು ವ್ಯಾವಹಾರಿಕ ಮಾತು. ವಿನಿಮಯವಾದರೆ ಮೊದಲು ಹೊಸ ಕಾರಿನ ದರವನ್ನು ಖಚಿತಪಡಿಸಿಕೊಂಡು, ಅನಂತರ ಹಳೆಯದರ ಮಾತೆತ್ತಬೇಕು. ಇಲ್ಲವಾದರೆ ಒಂದು ಕೈಯಲ್ಲಿ ಕೊಟ್ಟ ‘ಬೋನಸ್’ ಇನ್ನೊಂದು ಕೈಯಲ್ಲಿ ಹಿಂದಕ್ಕೆ ಹೋಗುತ್ತದೆ. ವಿಮೆಯ ‘ನೋ ಕ್ಲೇಮ್ ಬೋನಸ್’ ಕಾರಿನದಲ್ಲ, ಮಾಲೀಕನದು. ಸ್ವಂತ ಹಾನಿಯ ಕಂತಿನಲ್ಲಿ ಶೇ 50ರವರೆಗೆ ದೊರೆಯುವ ಈ ರಿಯಾಯಿತಿಯನ್ನು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಬಹುದು.

ಕಡೆಗೆ ನಾನು ಎರಡೂ ದಾರಿ ಬಿಟ್ಟೆ. ನಮ್ಮ ಬಡಾವಣೆಯ ಶಾಲಾ ಮೇಷ್ಟರೊಬ್ಬರು ಈ ಕಾರನ್ನು ವರ್ಷಗಳಿಂದ ಕಂಡವರು. ಸರ್ವೀಸಿನ ರಸೀತಿಗಳ ಕಟ್ಟನ್ನು ಅವರ ಮುಂದಿಟ್ಟು, ಕ್ಲಚ್ಚಿನ ದೋಷವನ್ನೂ ಹೇಳಿ, 1.80 ಲಕ್ಷಕ್ಕೆ ಕೊಟ್ಟೆ. ಅವರ ಹೆಸರಿಗೆ ನೋಂದಣಿಯಾಗುವವರೆಗೆ ಕೀಲಿಕೈ ನನ್ನಲ್ಲೇ ಇತ್ತು, ಅವರೂ ಬೇಸರಿಸಲಿಲ್ಲ. ಇಪ್ಪತ್ತು ಸಾವಿರ ಬಿಟ್ಟಿರೆಂದು ಮಗಳ ಆಕ್ಷೇಪ. ಬಿಟ್ಟದ್ದಲ್ಲ, ನೆಮ್ಮದಿಯಾಗಿ ನಿದ್ರಿಸಲು ತೆತ್ತ ಬೆಲೆ ಎಂದೆ.